ಓಲೆಕಾರ್ತಿ ತಂದ ಸುದ್ದಿ

ನಮ್ಮೂರಲ್ಲಿ ನಾಟಕದ ಪಾತ್ರ ಹಂಚುವ ದಿನ ಯಾರ ಮನೆಯಲ್ಲೂ ಒಲೆ ನೆಟ್ಟಗೆ ಉರಿಯುವುದಿಲ್ಲ. ಎಲ್ಲರ ಕಿವಿಯೂ ಆ ಕಡೆಗೇ. ಯಾಕೆಂದರೆ ನಾಟಕದ ದಿನ ಜನರೆದುರು ರಂಗದ ಮೇಲೆ ತೊಟ್ಟ ಮೈ ಮುಂದಿನ ಅಮಾವಾಸ್ಯೆಯವರೆಗೆ ಹಾಗೇ ಉಳಿದುಬಿಡುತ್ತದೆ. ಮದುಮಗನ ಪಾತ್ರ ಸಿಕ್ಕ ಬೊಚ್ಚುಬಾಯಿಯ ಮುದುಕ ಅಮಾವಾಸ್ಯೆಯ ತನಕ ಕಬ್ಬು ಸಿಗಿದು ತಿನ್ನುತ್ತಾನೆ. ಮಂಡಿನೋವಿನ ಹೆಂಗಸರು ಪಟ್ಟದ ರಾಣಿಯ ಪಾತ್ರ ಕೊಟ್ಟರೂ ಒಲ್ಲೆ ಎಂದು ನರ್ತಕಿಯ ಪಾತ್ರಕ್ಕೆ ಜಗಳಾಡುತ್ತಾರೆ. ಮನಸ್ಸಿಗೆ ಮಾತ್ರ ಏನೂ ಅಂಟುವುದಿಲ್ಲ. ಶರಣನ ಪಾತ್ರ ಮಾಡಿದ ಕಿರಾಣಿ ಅಂಗಡಿಯವನು ಮರುದಿನ ಬೆಲ್ಲದ ತೂಕದಲ್ಲಿ ಎಂದಿನಂತೆಯೇ ಕೈಚಳಕ ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ಅಂಟುವುದು ಮೈ ಅಷ್ಟೆ.

ಹೀಗಿರುವಾಗ ಬೇಡವಾದ ಮೈಗಳನ್ನು ಯಾರು ತೊಡುತ್ತಾರೆ? ಹಿಂದೊಮ್ಮೆ ರಕ್ಕಸನ ಪಾತ್ರ ಮಾಡಿದವನೊಬ್ಬ ಕೋಡುಗಳ ದೆಸೆಯಿಂದ ತನ್ನ ಮನೆಯ ಬಾಗಿಲು ದಾಟಲಾಗದೆ ಅಂಗಳದಲ್ಲೇ ಮಲಗಬೇಕಾಯಿತಂತೆ. ಅಂದಿನಿಂದ ರಕ್ಕಸರಿಗೆ ಹುಲ್ಲಿನ ಬೊಂಬೆ. ಕುರುಡ, ಕುಂಟ, ಮೂಗ, ಗೂನುಬೆನ್ನಿನವರಿಗೂ ಹುಲ್ಲಿನ ಬೊಂಬೆಯೇ. ಅದನ್ನು ಒಂದು ಕಂಬಕ್ಕೆ ಆನಿಸಿ ನಿಲ್ಲಿಸುತ್ತಿದ್ದರು. ಪರದೆಯ ಹಿಂದಿನಿಂದ ಯಾರೋ ಅದರ ಮಾತು ಹೇಳುತ್ತಿದ್ದರು. ನಾಟಕ ಮುಗಿದ ಮೇಲೆ ರಕ್ಕಸನೂ ಕುಂಟನೂ ಒಂದೇ ಚಕ್ಕಡಿಯಲ್ಲಿ ದನದ ಕೊಟ್ಟಿಗೆಗೆ ಹೋಗುತ್ತಿದ್ದರು. ಚಿಕ್ಕಂದಿನಿಂದ ನೋಡಿದ್ದು ಅದನ್ನೇ. ನಮಗೆ ಯಾರಿಗೂ ಅದರಲ್ಲಿ ವಿಚಿತ್ರ ಕಂಡಿರಲಿಲ್ಲ.

ನಾನು ಈ ಊರ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಆ ವರ್ಷ ನಮ್ಮ ಹೆಡ್‌ಮಾಸ್ತರ ಗುರುಪಾದಪ್ಪನವರು ನನ್ನನ್ನು ಕರೆದು, "ಅಕ್ಕೋರ, ಈ ಸಲ ಸಾಲಿ ವರ್ಷದ ಗ್ಯಾದರಿಂಗಿಗೆ ಅಂಗವಿಕಲರ ಮ್ಯಾಲೆ ಒಂದು ನಾಟಕ ಬರೀರಿ. ಅವರೂ ನಮ್ಹಂಗ ಮನುಷ್ಯಾರು ಅನ್ನೂದು ಮಂದಿಗೆ ತಿಳೀಬೇಕು," ಎಂದರು. ಒಳ್ಳೆಯ ಮನುಷ್ಯ. ಹೇಳುವಾಗ ಅವರ ಕಣ್ಣಂಚು ಒದ್ದೆಯಾಗಿತ್ತು. ನಾನೂ ಹುರುಪಿನಿಂದಲೇ ಬರೆದೆ. ಗಡಿಯ ಹಳ್ಳಿಯಿಂದ ಅರಸನಿಗೆ ಒಂದು ಸುದ್ದಿ ಮುಟ್ಟಿಸಬೇಕು. ಗಟ್ಟಿಮುಟ್ಟಾದ ಓಲೆಕಾರರೆಲ್ಲ ಹೆದರಿ ಹಿಂದೆ ಸರಿಯುತ್ತಾರೆ. ಒಂದು ಕಾಲು ಸೋತ ಹುಡುಗಿಯೊಬ್ಬಳು ಊರುಗೋಲು ಹಿಡಿದು ಹೊರಡುತ್ತಾಳೆ. ಕಾಡು ದಾಟಿ, ಹೊಳೆ ದಾಟಿ ಅರಮನೆ ಮುಟ್ಟಿದಾಗ ಅರಸ ಅವಳ ಧೈರ್ಯಕ್ಕೆ ಮೆಚ್ಚಿ, ವರ ಕೊಟ್ಟು ಕಾಲು ನೆಟ್ಟಗೆ ಮಾಡುತ್ತಾನೆ. ಅಲ್ಲಿಗೆ ಮಂಗಳ. ಓಲೆಕಾರ್ತಿಯ ಜಾಗದಲ್ಲಿ ಕೊನೆಯ ದೃಶ್ಯದವರೆಗೆ ಬೊಂಬೆ ಇರುತ್ತದೆ, ವರ ಸಿಕ್ಕೊಡನೆ ಬೊಂಬೆಯ ಹಿಂದಿನಿಂದ ಒಬ್ಬ ಚೂಟಿ ಹುಡುಗಿ ಜಿಗಿದು ಬರುತ್ತಾಳೆ ಎಂದೂ ಗೊತ್ತುಮಾಡಿದೆ.

ಒಂಬತ್ತನೆಯ ತರಗತಿಯಲ್ಲಿ ಇದನ್ನು ಓದಿ ಹೇಳಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬಳು ಮಾತ್ರ ತಟ್ಟಲಿಲ್ಲ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ದಾಕ್ಷಾಯಣಿ. ಎಲ್ಲರೂ ಅವಳನ್ನು ದಾಕ್ಷಿ ಎನ್ನುತ್ತಿದ್ದರು. ಕೂಸಿದ್ದಾಗ ಬಂದ ಜ್ವರದಲ್ಲಿ ಅವಳ ಎಡಗಾಲು ಸೊರಗಿಹೋಗಿತ್ತು. ಕಂಕುಳಲ್ಲಿ ಊರುಗೋಲು ಇಟ್ಟುಕೊಂಡೇ ಶಾಲೆಗೆ ಬರುತ್ತಿದ್ದಳು. ಮಾತು ಕಡಿಮೆ. ಆದರೆ ಆಡಿದ ಮಾತಿಗೆ ತೂಕವಿರುತ್ತಿತ್ತು.

"ಬೊಂಬಿ ಯಾಕ್ರಿ ಅಕ್ಕೋರ?" ಎಂದಳು. "ನಾ ಇದ್ದೀನಲ್ಲ."

ಮಕ್ಕಳೆಲ್ಲ ಅವಳತ್ತ ತಿರುಗಿದರು. ನಮ್ಮೂರ ಚರಿತ್ರೆಯಲ್ಲೇ ಯಾರೂ ತಮ್ಮದೇ ಮೈಯನ್ನು ಹೊತ್ತುಕೊಂಡು ರಂಗಕ್ಕೆ ಹತ್ತಿದವರಿರಲಿಲ್ಲ. ಇರುವುದನ್ನೇ ಮತ್ತೆ ತೊಟ್ಟರೆ ಏನಾಗುತ್ತದೆ ಎಂದು ಯಾರಿಗೂ ತಿಳಿಯದು. ಸುದ್ದಿ ಸಂಜೆಯೊಳಗೆ ಓಣಿ ಓಣಿ ತಿರುಗಿತು. ಇಮ್ಮಡಿ ಆಗುತ್ತದೆ, ಇನ್ನೊಂದು ಕಾಲೂ ಹೋಗುತ್ತದೆ ಎಂದು ಕೆಲವರು. ಅಮಾವಾಸ್ಯೆಗೂ ಇಳಿಯದೆ ಜನ್ಮಕ್ಕೆ ಗಟ್ಟಿಯಾಗುತ್ತದೆ ಎಂದು ಕೆಲವರು. ಗುರುಪಾದಪ್ಪನವರು ಮಾತ್ರ ಸ್ವಲ್ಪ ಯೋಚಿಸಿ ಸಂತೋಷದಿಂದಲೇ ಒಪ್ಪಿದರು. ಕೊನೆಗೆ ಅರಸ ಕಾಲು ಕೊಡುತ್ತಾನಲ್ಲ, ಕೊನೆಯ ಮೈಯೇ ತಾನೆ ಉಳಿಯುವುದು, ಪಾಪ ಹುಡುಗಿ ಅಮಾವಾಸ್ಯೆಯವರೆಗಾದರೂ ಓಡಾಡಲಿ ಎಂಬುದು ಅವರ ಲೆಕ್ಕ.

ತಾಲೀಮು ಶುರುವಾಯಿತು. ಅರಸನ ಪಾತ್ರಕ್ಕೆ ಮಕ್ತುಮ ಎಂಬ ಹುಡುಗನನ್ನು ಆರಿಸಿದ್ದೆ. ಗಿಡ್ಡ, ಗಂಟಲು ಮಾತ್ರ ನಗಾರಿ. ಮೊದಲ ದಿನವೇ ತೊಡಕು ಬಂತು. ನಮ್ಮ ಶಾಲೆಯ ರಂಗಕ್ಕೆ ಕಲ್ಲಿನ ಮೆಟ್ಟಿಲು, ಅದೂ ಎತ್ತರೆತ್ತರ. ಇಬ್ಬರು ಹುಡುಗರು ದಾಕ್ಷಿಯನ್ನು ಎತ್ತಿ ಮೇಲಿಡಲು ಮುಂದೆ ಬಂದರು. ಅವಳು ಊರುಗೋಲನ್ನು ಅಡ್ಡ ಹಿಡಿದು, "ನಾ ಅಕ್ಕಿ ಚೀಲ ಅಲ್ಲ," ಎಂದಳು. ಸಿಟ್ಟಿರಲಿಲ್ಲ, ತಿಳಿಸಿ ಹೇಳುವ ದನಿ. ಹುಡುಗರು ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಬಾಗಿಲೊಂದನ್ನು ಹೊತ್ತು ತಂದು ಇಳಿಜಾರಾಗಿ ಆನಿಸಿದರು. ಅವಳು ಅದರ ಮೇಲೆ ಹತ್ತಿ, ಇಳಿದು, ಜಾರುತ್ತದೆ ಎಂದು ಗೋಣಿಚೀಲ ಹೊದಿಸಿ ಮೊಳೆ ಹೊಡೆಸಿ, ಮತ್ತೆ ಹತ್ತಿದಳು. ಆಮೇಲೆ ನೋಡಿದರೆ ಎಲ್ಲ ಮಕ್ಕಳೂ ಆ ಬಾಗಿಲ ಮೇಲೇ ಹತ್ತಿ ಇಳಿಯತೊಡಗಿದ್ದರು. ಮೆಟ್ಟಿಲ ಕಡೆ ಯಾರೂ ಹೋಗುತ್ತಿರಲಿಲ್ಲ.

ಇನ್ನೊಂದು ತೊಡಕು ಮಕ್ತುಮನದು. ಅವನಿಗೆ ದಾಕ್ಷಿಯ ಮೇಲೆ ಅಪಾರ ಕರುಣೆ. ಅವಳು ಮಾತಾಡುವಾಗೆಲ್ಲ ಅವನ ಕಣ್ಣು ಅವಳ ಕಾಲಿಗೇ ಹೋಗುತ್ತಿತ್ತು, ದನಿ ಮೆತ್ತಗಾಗುತ್ತಿತ್ತು.

"ಮಕ್ತುಮ, ನನ್ನ ಮಾತು ಕಾಲಿನಿಂದ ಬರ್ತೈತೇನು?" ಎಂದು ಅವಳು ಒಂದು ದಿನ ಕೇಳಿದಳು.

"ಇಲ್ಲ."

"ಹಂಗಾರ ಮಾರಿ ನೋಡಿ ಮಾತಾಡು. ಅರಸ ಇದ್ದೀ, ಡಾಕ್ಟರ್ ಅಲ್ಲ."

ಹುಡುಗರು ನಕ್ಕರು, ಮಕ್ತುಮನೂ ನಕ್ಕ. ಅವತ್ತಿನಿಂದ ಅವನ ದನಿಗೆ ನಗಾರಿ ಮರಳಿ ಬಂತು. ದಾಕ್ಷಿಯೂ ಅರಳಿದಳು. ಕಾಡಿನ ದೃಶ್ಯದಲ್ಲಿ ಅವಳ ಊರುಗೋಲಿನ ಸದ್ದು ಒಂದೊಂದೇ ಬೀಳುತ್ತ, ನಡುವೆ ನಿಂತು, ಮತ್ತೆ ಶುರುವಾಗುವಾಗ ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟು ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಅವಳು ನಟಿಸುತ್ತಿದ್ದಾಳೆ ಎಂದು ಅನಿಸುತ್ತಲೇ ಇರಲಿಲ್ಲ. ಎಲ್ಲೋ ತುರ್ತಾಗಿ ಹೋಗುತ್ತಿದ್ದಾಳೆ, ನಾವು ದಾರಿಗೆ ಅಡ್ಡ ನಿಂತಿದ್ದೇವೆ ಅನಿಸುತ್ತಿತ್ತು.

ಆದರೆ ಕೊನೆಯ ದೃಶ್ಯಕ್ಕೆ ಬಂದಾಗ ಅವಳು ನಿಂತುಬಿಟ್ಟಳು. ಅರಸನ ಮುಂದೆ "ಪ್ರಭು, ನನಗೆ ಕಾಲು ಕರುಣಿಸಿರಿ" ಎಂದು ಅವಳು ಕೈಮುಗಿಯಬೇಕಿತ್ತು. ಅವಳು ಮುಗಿಯಲಿಲ್ಲ.

"ಅಕ್ಕೋರ, ಒಂದು ಕೇಳಲೇನ್ರಿ?" ಎಂದಳು. "ಈಕಿ ತಂದಿರೂ ಸುದ್ದಿ ಏನು?"

ನಾನು ನನ್ನ ಹಾಳೆಗಳನ್ನು ತಿರುವಿದೆ. ಕಾಡು ಇತ್ತು, ಹೊಳೆ ಇತ್ತು, ಮುಳ್ಳು ಚುಚ್ಚಿದ್ದಿತ್ತು, ಬಿದ್ದು ಎದ್ದದ್ದಿತ್ತು. ಸುದ್ದಿ ಇರಲಿಲ್ಲ. ಅವಳು ಯಾವ ಮಾತನ್ನು ಹೊತ್ತು ಅಷ್ಟು ದೂರ ಬಂದಳೋ ಅದನ್ನು ನಾನು ಬರೆದೇ ಇರಲಿಲ್ಲ.

"ಅಷ್ಟ ದೂರ ಸುದ್ದಿ ತಂದಾಕಿ, ಅದನ್ನ ಹೇಳದ ಕಾಲು ಕೇಳತಾಳೇನ್ರಿ?" ಎಂದಳು ದಾಕ್ಷಿ.

ಮಕ್ಕಳನ್ನು ಆಟಕ್ಕೆ ಕಳಿಸಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಆವತ್ತು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಸಣ್ಣವಳಿದ್ದಾಗ ಅವಳ ಅವ್ವ ಯಾರ ಯಾರಿಗೋ ಕೈಮುಗಿದು ಓಣಿಯ ನಾಟಕದಲ್ಲಿ ಅವಳಿಗೆ ಕುಣಿಯುವ ಹುಡುಗಿಯ ಪಾತ್ರ ಕೊಡಿಸಿದ್ದಳಂತೆ. ಕಾಲು ಬಂತು. ಅಮಾವಾಸ್ಯೆಯವರೆಗೆ ದಾಕ್ಷಿ ಓಡಿದಳು, ಹುಣಸೆಮರ ಹತ್ತಿದಳು, ಕುಂಟಾಬಿಲ್ಲೆ ಆಡಿದಳು. ಅವ್ವ ಹೊಸ ಪರಕಾರ ಹೊಲಿದು ಉಡಿಸಿ, ಕೈತುಂಬ ಬಳೆ ಇಡಿಸಿ, ಬಂಧು ಬಳಗದ ಮನೆಗಳಿಗೆಲ್ಲ ಕರೆದೊಯ್ದಳು. ಅಮಾವಾಸ್ಯೆಯ ಮರುದಿನ ಹಾಸಿಗೆಯಿಂದ ಎದ್ದು ಕಾಲೂರಿದವಳು ದೊಪ್ಪನೆ ಬಿದ್ದಳು.

"ಬಿದ್ದಿದ್ದಕ್ಕ ಅಳಲಿಲ್ರಿ," ಎಂದಳು ದಾಕ್ಷಿ. "ಆ ಪರಕಾರ ಅವ್ವ ಪೆಟಗ್ಯಾಗ ಇಟ್ಟಳು. ಮತ್ತ ಯಾರ ಮನಿಗೂ ಕರಕೊಂಡು ಹೋಗಲಿಲ್ಲ. ಅವ್ವನ ಮಗಳು ಬಂದಿದ್ದಳು, ಹೋದಳು. ನಾ ಯಾರು ಮತ್ತ?"

ಆ ಸಂಜೆ ಕೊನೆಯ ದೃಶ್ಯ ಹರಿದು ಹಾಕಿ ಹೊಸದಾಗಿ ಬರೆದೆ. ಗುರುಪಾದಪ್ಪನವರು ಓದಿ ಮುಖ ಬಾಡಿಸಿಕೊಂಡರು. "ಕಾಲು ಬರದಿದ್ರ ಮಂದಿಗೆ ನಾಟಕ ಮುಗಿದಂಗ ಅನಸೂದಿಲ್ರೀ ಅಕ್ಕೋರ. ಅಲ್ಲದ, ಹಂಗ ಬಿಟ್ಟು ಜನ್ಮಕ್ಕ ಗಟ್ಟಿಯಾದ್ರ? ಆ ತಾಯಿ ಒಪ್ಪಿದ್ರ ಮಾಡ್ರಿ," ಎಂದರು.

ಆ ತಾಯಿ ಮರುದಿನ ತಾನೇ ಬಂದಳು. ಸಂಗವ್ವ. ಹಳೆಯ ಸೀರೆಗಳನ್ನು ಪದರು ಪದರಾಗಿ ಜೋಡಿಸಿ ಕೌದಿ ಹೊಲಿದು ಮಗಳನ್ನು ಸಾಕಿದವಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಶಾಲೆಯ ಕಟ್ಟೆಯ ಮೇಲೂ ಕೂರದೆ, ನಿಂತೇ ಮಾತಾಡಿದಳು.

"ಅಕ್ಕೋರ, ನಿಮ್ಮ ಕಾಲಿಗೆ ಬೀಳತೀನಿ. ಮೊದಲು ಬರದಿದ್ರಲ್ಲ, ಅದನ್ನ ಇರಲಿ. ಅಮಾಸಿ ತನಕ ಆಕಿ ನಡಿಯೂದು ನನ್ನ ಕಣ್ಣೀಲೆ ನೋಡತೀನಿ."

ಅಷ್ಟರಲ್ಲಿ ದಾಕ್ಷಿ ಬಾಗಿಲಲ್ಲಿ ಬಂದು ನಿಂತಳು.

"ಅವ್ವಾ, ನಾ ದಿನಾ ನಡಿಯೂದು ನೀ ನೋಡೂದಿಲ್ಲೇನು?"

ಸಂಗವ್ವ ಮಗಳತ್ತ ತಿರುಗಿದಳು. "ಹಂಗಲ್ಲವಾ..."

"ಹಿಂಗ ನಡದು ನಾ ಒಂಬತ್ತನೆ ಕ್ಲಾಸಿನ ತನಕ ಬಂದೀನಿ. ನೀರು ತಂದೀನಿ, ನಿನ್ನ ಕೌದಿ ಹೊತ್ತು ಸಂತಿಗೆ ಬಂದೀನಿ. ಅದು ನಡದದ್ದಲ್ಲೇನು?"

"ನಿನಗ ಏನಾರ ಆದ್ರ? ಇದ್ದದ್ದೂ ಹೋದ್ರ?"

"ಇದ್ದದ್ದು ನನ್ನದು, ಅವ್ವಾ. ಅದಕ್ಕ ಅಂಜಲಿ ಯಾಕ?"

ಸಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬೇಡ ಎನ್ನಲಿಲ್ಲ. ಆದರೆ, "ನಾ ನೋಡಾಕ ಬರಂಗಿಲ್ಲ. ನನ್ನ ಕೈಲೆ ಆಗೂದಿಲ್ಲ," ಎಂದು ಹೇಳಿ ಹೊರಟುಹೋದಳು. ದಾಕ್ಷಿ ಅವಳು ಗೇಟು ದಾಟುವವರೆಗೂ ನೋಡುತ್ತ ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿ, "ತಾಲೀಮು ಮಾಡೂಣೇನ್ರಿ?" ಎಂದಳು. ಆ ವಯಸ್ಸಿನಲ್ಲಿ ನನಗೆ ಅಂಥ ಎದೆಗಾರಿಕೆ ಇರಲಿಲ್ಲ. ಈಗಲೂ ಇದೆಯೆಂದು ಹೇಳಲಾರೆ.

ನಾಟಕದ ದಿನ ಇಳಿಹೊತ್ತಿಗೇ ಶಾಲೆಯ ಬಯಲು ತುಂಬಿತು. ನಾಟಕಕ್ಕಿಂತ ಹುಡುಗಿಗೆ ಏನಾಗುತ್ತದೋ ನೋಡಲು ಬಂದವರೇ ಹೆಚ್ಚು. ಮೊದಮೊದಲು ಗುಸುಗುಸು ಇತ್ತು. ದಾಕ್ಷಿ ಬಾಗಿಲಿನ ಇಳಿಜಾರು ಹತ್ತಿ ಬಂದು, ಗಟ್ಟಿಮುಟ್ಟಾದ ಓಲೆಕಾರರ ನಡುವೆ ನಿಂತು, "ನಾನು ಹೋಗುತ್ತೇನೆ" ಎಂದಾಗ ಅದು ನಿಂತಿತು. ಕಾಡಿನ ದೃಶ್ಯದಲ್ಲಿ ಹಿಂದೆ ಕೂತಿದ್ದವರೂ ಎದ್ದು ನಿಂತರು. ಅವಳು ಬೀಳುವ ಜಾಗದಲ್ಲಿ ಬಿದ್ದಳು. ಯಾರೋ ಅಯ್ಯೋ ಎಂದರು. ಅವಳು ಅತ್ತ ನೋಡಲೂ ಇಲ್ಲ; ಮಣ್ಣು ಕೊಡವಿಕೊಂಡು ಎದ್ದಳು, ನಡೆದಳು.

ಅರಮನೆಯ ದೃಶ್ಯ ಬಂತು. ಹೊಸದಾಗಿ ನಾನು ಬರೆದದ್ದು ಹೀಗಿತ್ತು: ಅರಸನೂ ಮಂತ್ರಿಗಳೂ ಅವಳ ಕಾಲನ್ನು ಕಂಡು ಲೊಚಗುಟ್ಟುತ್ತಾರೆ, ಹೊಗಳುತ್ತಾರೆ, ವೈದ್ಯರನ್ನು ಕರೆಸುತ್ತಾರೆ, ಕೊನೆಗೆ ಅರಸ, "ಏನು ಬೇಕು ಕೇಳು, ಕಾಲು ಬೇಕಾದರೂ ಕೊಡುತ್ತೇನೆ" ಎನ್ನುತ್ತಾನೆ. ಮಕ್ತುಮ ಆ ಮಾತು ಹೇಳಿದ. ಹೇಳಿದ್ದೇ ತಡ, ಬಯಲಿನಿಂದ ಒಂದು ಹೆಣ್ಣುದನಿ ಬಂತು, "ಕೇಳವಾ, ಕಾಲು ಕೇಳು." ಅದರ ಹಿಂದೆ ಇನ್ನೊಂದು. ನೋಡ ನೋಡುತ್ತ ಇಡೀ ಬಯಲೇ ಕೂಗತೊಡಗಿತು. ಕಾಲು ಕೇಳವಾ, ಕಾಲು ಕೇಳವಾ. ಕೇಡಿನ ಕೂಗಲ್ಲ ಅದು. ಊರಿಗೆ ಊರೇ ಅವಳಿಗೆ ಒಳ್ಳೆಯದಾಗಲಿ ಎಂದು ಬಯಸಿ ಕೂಗುತ್ತಿತ್ತು. ಗುರುಪಾದಪ್ಪನವರೂ ಕುರ್ಚಿಯಿಂದ ಎದ್ದು ಕೂಗುತ್ತಿದ್ದರು. ಮಕ್ತುಮ ಸಿಂಹಾಸನದಿಂದ ಮುಂದೆ ಬಾಗಿ, ಅವಳಿಗೂ ಪರದೆಯ ಹಿಂದಿದ್ದ ನನಗೂ ಅಷ್ಟೇ ಕೇಳುವಷ್ಟು ಮೆಲ್ಲಗೆ, "ಕೇಳ ದಾಕ್ಷಿ, ಖರೇನ ಕೊಡತೀನಿ," ಎಂದ. ಅವಳು ಕೇಳಿದರೆ ಸಾಕಿತ್ತು, ಅವನು ಹೂಂ ಅಂದರೆ ಸಾಕಿತ್ತು. ಕಾಲು ಬಂದುಬಿಡುತ್ತಿತ್ತು.

ದಾಕ್ಷಿ ಜನರ ಕಡೆ ನೋಡಿದಳು. ಅವಳ ಕಣ್ಣು ಹುಡುಕುತ್ತ ಹೋಗಿ ಒಂದು ಕಡೆ ನಿಂತಿತು. ನಾನೂ ಪರದೆಯ ಸಂದಿನಿಂದ ಅತ್ತಲೇ ನೋಡಿದೆ. ಬೇವಿನ ಮರದ ಬುಡದಲ್ಲಿ ಸಂಗವ್ವ ನಿಂತಿದ್ದಳು. ಬರುವುದಿಲ್ಲ ಎಂದವಳು ಬಂದಿದ್ದಳು. ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡಿದ್ದಳು. ಅಷ್ಟು ಜನರಲ್ಲಿ ಕೂಗದೆ ಇದ್ದವಳು ಅವಳೊಬ್ಬಳೇ.

ದಾಕ್ಷಿ ಊರುಗೋಲನ್ನು ಎತ್ತಿ ಹಲಗೆಯ ಮೇಲೆ ಕುಟ್ಟಿದಳು. ಸದ್ದು ಅಡಗುವವರೆಗೂ ಕಾದಳು.

"ಪ್ರಭು, ನಾನು ಬಂದಾಗಿನಿಂದ ಎಲ್ಲರೂ ನನ್ನ ಕಾಲಿನ ಮಾತೇ ಆಡಿದಿರಿ. ನಾನು ತಂದ ಸುದ್ದಿ ಏನೆಂದು ಒಬ್ಬರಾದರೂ ಕೇಳಿದಿರಾ?"

ಮಕ್ತುಮ ಸುಮ್ಮನೆ ಕೂತುಬಿಟ್ಟ. ಮಾತು ಮರೆತನೋ ಏನೋ ಎಂದು ನಾನು ಹೇಳಿಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಅವಳ ಮುಖವನ್ನೇ ನೋಡುತ್ತ ಕೇಳಿದ, "ಏನು ಸುದ್ದಿ ತಾಯಿ? ಹೇಳು."

"ಮೇಲಿನ ಕೆರೆಯ ಒಡ್ಡು ಬಿರಿಯುತ್ತಿದೆ. ಕೆಳಗೆ ಏಳು ಹಳ್ಳಿಗಳಿವೆ. ನೀವು ನನಗೆ ಮರುಗುತ್ತ ಕೂತ ಹೊತ್ತಿನಲ್ಲಿ ನೀರು ಒಂದು ಮೊಳ ಏರಿದೆ. ಎದ್ದೇಳಿ."

ಅರಸ ಎದ್ದ. ಮಂತ್ರಿಗಳು, ಕಾವಲಿನವರು, ವೈದ್ಯರು ಎಲ್ಲ ಗುದ್ದಲಿ ಸಲಿಕೆ ಹಿಡಿದು ಹೊರಗೋಡಿದರು. ಅಲ್ಲಿಗೆ ಪರದೆ ಬೀಳಬೇಕಿತ್ತು. ಹಗ್ಗ ಹಿಡಿದ ಹುಡುಗಿ ಮೈಮರೆತು ನಿಂತಿದ್ದಳು, ಪರದೆ ಬೀಳಲಿಲ್ಲ. ಖಾಲಿ ಅರಮನೆಯಲ್ಲಿ ದಾಕ್ಷಿ ಒಬ್ಬಳೇ ಉಳಿದಳು. ಅತ್ತ ಇತ್ತ ನೋಡಿದಳು. ಕೂರಲು ಇದ್ದದ್ದು ಒಂದೇ ಒಂದು, ಅರಸನ ಸಿಂಹಾಸನ. ಹೋಗಿ ಅದರ ಮೇಲೆ ಕೂತು, ಊರುಗೋಲನ್ನು ಪಕ್ಕಕ್ಕೆ ಆನಿಸಿ, ಸೋತ ಕಾಲನ್ನು ಮುಂದೆ ಚಾಚಿ, ಬರೆದದ್ದರಲ್ಲಿ ಇಲ್ಲದ ಮಾತೊಂದನ್ನು ಆಡಿದಳು: "ದೂರದಿಂದ ಬಂದೀನಿ. ಯಾರರ ಒಂದು ತಂಬಗಿ ನೀರು ಕೊಡ್ರಿ."

ಮೊದಲು ನಗು ಎದ್ದಿತು, ಆಮೇಲೆ ಚಪ್ಪಾಳೆ. ಆ ಚಪ್ಪಾಳೆಯ ನಡುವೆ ಸಂಗವ್ವ ಶಾಲೆಯ ಮಣ್ಣಿನ ಹರವಿಯಿಂದ ತಂಬಿಗೆಯಲ್ಲಿ ನೀರು ಮೊಗೆದು, ಗೋಣಿಚೀಲ ಹೊದಿಸಿದ ಬಾಗಿಲ ಮೇಲೆ ನಡೆದು ರಂಗಕ್ಕೆ ಬಂದಳು. ಮಗಳು ಕುಡಿಯುವವರೆಗೂ ಅಷ್ಟೂ ಜನರೆದುರು ಅವಳ ಪಕ್ಕದಲ್ಲೇ ನಿಂತಿದ್ದಳು. ಆಗ ಪರದೆ ಬಿತ್ತು.

ಮರುದಿನ ಬೆಳಿಗ್ಗೆ ನಾನು ಅಂಜುತ್ತಲೇ ಅವರ ಮನೆಗೆ ಹೋದೆ. ದಾರಿಯಲ್ಲಿ ಮಕ್ತುಮ ಸಿಕ್ಕ. ರಾತ್ರಿ ಬೆಳಗಾಗುವುದರಲ್ಲಿ ಅರಸನ ಎತ್ತರ ಬಂದು ಅವನ ಚಡ್ಡಿ ಗೇಣಷ್ಟಾಗಿತ್ತು. ಸಂಗವ್ವ ಹೊಸ್ತಿಲ ಬಳಿ ಕೌದಿ ಹರಡಿಕೊಂಡು ಹೊಲಿಯುತ್ತಿದ್ದಳು.

"ಏನೂ ಆಗಿಲ್ರೀ ಅಕ್ಕೋರ," ಎಂದಳು ನಾನು ಕೇಳುವ ಮೊದಲೇ. "ಹೆಂಗಿತ್ತೋ ಹಂಗ ಐತಿ. ಭಾಳ ಹೊತ್ತು ನಿಂತು ನೋವಾಗಿತ್ತು, ಎಣ್ಣಿ ಹಚ್ಚಿ ತಿಕ್ಕಿದೆ." ಸೂಜಿ ನಿಲ್ಲಿಸಿದಳು. "ಎಷ್ಟು ವರ್ಷ ಆಗಿತ್ರಿ ನಾ ಆ ಕಾಲು ಮುಟ್ಟಿ. ಗಟ್ಟಿ ಐತ್ರಿ. ನಾ ತಿಳಕೊಂಡಂಗ ಇಲ್ಲ."

ಒಳಗಿನಿಂದ ಊರುಗೋಲಿನ ಸದ್ದು ಬಂತು. ದಾಕ್ಷಿ ಕೆದರಿದ ಕೂದಲಲ್ಲೇ ಹೊರಬಂದು ನನ್ನೆದುರು ಕೂತಳು. ನಿನ್ನೆಯ ಹೊಗಳಿಕೆಯ ಮಾತು ಕೇಳಲು ಬಂದಳೇನೋ ಅಂದುಕೊಂಡೆ.

"ಅಕ್ಕೋರ, ಬರೂ ವರ್ಷ ನನಗ ಕೆಟ್ಟಾಕಿ ಪಾರ್ಟು ಬರೀರಿ," ಎಂದಳು.

"ಯಾಕವಾ? ಓಲೆಕಾರ್ತಿ ಚಲೋ ಇರಲಿಲ್ಲೇನು?"

"ಅದ ನೋಡ್ರಿ, ಭಾಳ ಚಲೋ ಆಕಿ. ಸುಳ್ಳು ಹೇಳಂಗಿಲ್ಲ, ಯಾರದೂ ಕದಿಯಂಗಿಲ್ಲ, ಹೊಟ್ಟಿಕಿಚ್ಚಿಲ್ಲ. ನನ್ನಂಥಾಕಿ ಚಲೋ ಆಕಿನ ಇರಬೇಕಂತ ಯಾರು ಅಂದಾರ? ಒಬ್ಬಾಕಿ ರಾಣಿ ಬರೀರಿ. ರಾಜ್ಯ ಎಲ್ಲಾ ಗಡಗಡ ನಡಗಬೇಕು."

"ಅದಕ್ಕೇನು ನಾಟಕ ಬೇಕೇನ್ರಿ," ಎಂದು ಸಂಗವ್ವ ಹಲ್ಲಿನಿಂದ ದಾರ ಕಡಿದು ನಕ್ಕಳು. "ನಮ್ಮನಿಗೆ ಬರ್ರಿ, ದಿನಾ ನೋಡಬಹುದು."

ನನಗೂ ನಗು ಬಂತು. ಆದರೆ ಹುಡುಗಿಯ ಮುಖದಲ್ಲಿ ನಗುವಿರಲಿಲ್ಲ. ಅವಳು ಆಗಲೇ ರಂಗದ ಮೇಲಿದ್ದಳು. "ಆಯ್ತು," ಎಂದೆ. "ರಾಣಿ ಮೊದಲನೆ ಸೀನಿನಾಗ ಹೆಂಗ ಬರಬೇಕು ಹೇಳು."

ದಾಕ್ಷಿ ಗಲ್ಲದ ಮೇಲೆ ಕೈಯಿಟ್ಟು ಯೋಚಿಸಿದಳು.

"ನಿಧಾನಕ್ಕ ಬರಬೇಕ್ರಿ," ಎಂದಳು. "ಆಕಿ ಬಂದು ಮುಟ್ಟೂತನಕ ಎಲ್ಲಾರೂ ಅಂಜಿಕೊಂಡು ಕಾಯಬೇಕು."